ತೂಬು ಎತ್ತಿಸಿದ ದಿನ

ಮೊಮ್ಮಗಳು ಹುಟ್ಟಿದ್ದು ಹಾಸನದ ಆಸ್ಪತ್ರೆಯಲ್ಲಿ, ಬೆಳಗ್ಗೆ ಹತ್ತರ ಹೊತ್ತಿಗೆ. ಮಗಳಿಗೆ ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಆದ ಕೂಸು. ನರ್ಸಮ್ಮ ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಕೈಗೆ ಕೊಟ್ಟಾಗ, ಗುರುತಿಲ್ಲದವರನ್ನೂ ಕರೆದು ಕರೆದು ತೋರಿಸಿದೆ. ಆ ಹೊತ್ತಿಗೇ ಊರಿಂದ ಫೋನು ಬಂತು.

ನಮ್ಮದು ದಂಡಿಗನಹಳ್ಳಿ ಕಡೆಯ ಊರು. ಎಂಟು ಮನೆಯವರು ಸೇರಿ ಕೆರೆಗೆ ಮೀನುಮರಿ ಬಿಟ್ಟು, ಸಾಕಿ, ಹಿಡಿದು ಮಾರುತ್ತೇವೆ. ಜಮೀನಿಲ್ಲ, ಕೆರೆಯೇ ನಮಗೆ ಹೊಲ. ಫೋನು ಮಾಡಿದವನು ಕೆರೆಯ ತೂಬು ನೋಡಿಕೊಳ್ಳುವ ನೀರುಗಂಟಿ. ಏರಿ ಮೇಲೆ ಟ್ಯಾಂಕರ್ ಪಲ್ಟಿಯಾಗಿ ಕಪ್ಪು ಎಣ್ಣೆ ಕೆರೆಗೆ ಇಳಿಯುತ್ತಿದೆ, ಸದ್ಯ ಒಂದು ಮೂಲೆಯಲ್ಲೇ ನಿಂತಿದೆ, ಏನು ಮಾಡಲಿ ಎಂದು ಕೇಳಿದ. ಕೂಸು ಆಗ ತಾನೇ ಕಣ್ಣು ಬಿಡುತ್ತಿತ್ತು.

"ತೂಬು ಎತ್ಬುಡ್ಲಾ, ಎಣ್ಣೆ ಅರ್ದೋಗ್ಲಿ" ಅಂದು ಫೋನಿಟ್ಟೆ.

ಮೂವತ್ತು ವರ್ಷ ತೆಪ್ಪ ನಡೆಸಿದವನು ನಾನು. ತೂಬಿನಲ್ಲಿ ಹೋಗುವುದು ಅಡಿಯ ನೀರು, ಎಣ್ಣೆ ಮೇಲೆ ತೇಲುತ್ತದೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಆ ಮೂಲೆಗೆ ಬಿದಿರು ಅಡ್ಡ ಕಟ್ಟಿ, ಒಣಹುಲ್ಲು ಹಾಸಿ ಹೀರಿಸಿದ್ದರೆ ಅರ್ಧ ಕೆರೆಯಾದರೂ ಉಳಿಯುತ್ತಿತ್ತು. ಖುಷಿಯಲ್ಲಿ ಬಾಯಿಗೆ ಬಂದದ್ದು ಹೇಳಿಬಿಟ್ಟೆ.

ಮೂರನೇ ದಿನ ಊರಿಗೆ ಬಂದೆ. ಒಳ್ಳೆ ನೀರೆಲ್ಲ ಹೊರಗೆ ಹೋಗಿತ್ತು. ಎಣ್ಣೆ ಮಾತ್ರ ನೀರಿನ ಜೊತೆ ಕೆಳಗಿಳಿದು ಜೊಂಡಿಗೆ, ಕೆಸರಿಗೆ ಮೆತ್ತಿಕೊಂಡು, ಕಡೆಗೆ ತೂಬಿನ ಹತ್ತಿರದ ಗುಂಡಿಯನ್ನು ಮುಚ್ಚಿತ್ತು. ಮೀನೆಲ್ಲ ಆ ಗುಂಡಿಗೇ ಬಂದು ಸೇರಿದ್ದವು. ಹೊಟ್ಟೆ ಮೇಲಾಗಿ ತೇಲುತ್ತಿದ್ದ ಕಾಟ್ಲಾ ಮೀನು ನೋಡಿದೆ. ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಚನ್ನರಾಯಪಟ್ಟಣದಿಂದ ಮೀನು ಕೊಳ್ಳಲು ಬಂದ ಸಾಬರು ಒಂದನ್ನು ಎತ್ತಿ ಮೂಸಿ, ಮೆಲ್ಲಗೆ ಕೆಳಗಿಟ್ಟು, ಆಟೋ ತಿರುಗಿಸಿದರು. ನಾನು ಎಣ್ಣೆ ಮೆತ್ತಿದ್ದ ಬಲೆಗೆ ಸೋಪಿನ ಪುಡಿ ಹಾಕಿ ತಿಕ್ಕುತ್ತ ಕೂತೆ. ಬಲೆ ಬೆಳ್ಳಗಾಗಲಿಲ್ಲ, ನಾನು ತಿಕ್ಕುವುದನ್ನೂ ನಿಲ್ಲಿಸಲಿಲ್ಲ.

ಸಂಜೆ ಏರಿ ಮೇಲೆ ಎಲ್ಲ ಮನೆಯವರೂ ನೀರುಗಂಟಿಯನ್ನು ಸುತ್ತಿಕೊಂಡಿದ್ದರು. ಕುಡಿದು ಎತ್ತಿದ್ದಾನೆ ಅಂದರು, ನೀರಿನಾಸೆಗೆ ಗದ್ದೆಯವರು ಹೇಳಿಕೊಟ್ಟಿದ್ದಾರೆ ಅಂದರು. "ಮುಂಡೇದೆ, ನಮ್ ಅನ್ನದ್ ಮೇಲೆ ಕಲ್ ಆಕ್ಬುಟ್ಟಲ್ಲೋ" ಅಂದರು ಹಿರಿಯರೊಬ್ಬರು. ಅವನು ತಲೆ ತಗ್ಗಿಸಿಕೊಂಡು ನಿಂತಿದ್ದ. ನನ್ನ ಹೆಸರು ಹೇಳಿರಲಿಲ್ಲ. ಆ ಮೂರು ದಿನವೂ ಹೇಳಿರಲಿಲ್ಲ.

"ಅವನ್ನ ಬುಡ್ರಪ್ಪ. ಎತ್ತು ಅಂದೋನು ನಾನು ಕಣ್ರೋ" ಅಂದೆ.

ಒಬ್ಬೊಬ್ಬರಾಗಿ ಕೆರೆ ಕಡೆ ತಿರುಗಿದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ನೀರುಗಂಟಿ ನನ್ನ ಹತ್ತಿರ ಬಂದ.

"ಕೂಸು ಎಂಗದೆ ಅಣ್ಣೋ?"

ಚೆನ್ನಾಗಿದೆ ಅಂದು ಸುಮ್ಮನಾಗಬೇಕು ಅಂದುಕೊಂಡೆ. ಆಗಲಿಲ್ಲ. ಕಿವಿ ಅವಳ ಅಜ್ಜಿಯದೇ ಅಂದೆ, ಬಿಕ್ಕಳಿಕೆ ಬಂದರೆ ಮೈಯೆಲ್ಲ ಕುಣಿಯುತ್ತದೆ ಅಂದೆ, ನಾನು ಮಾತಾಡಿದರೆ ಅಳು ನಿಲ್ಲಿಸುತ್ತದೆ ಅಂದೆ. ಹೇಳುತ್ತ ನಗುತ್ತಿದ್ದೆ, ನನಗೇ ತಡೆಯಲಾಗಲಿಲ್ಲ. ಅವರೆಲ್ಲ ಕೆರೆ ಕಡೆ ಮುಖ ಮಾಡಿಕೊಂಡು ಕಡೆತನಕ ಕೇಳಿಸಿಕೊಂಡರು.

ಆಮೇಲೆ ಆ ಹಿರಿಯರು, ನಾಳೆ ರಾಮನಾಥಪುರಕ್ಕೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಕೆಲಸಕ್ಕೆ ಹೋಗೋಣ, ಕೆಸರು ತೊಳೆದು ಹೋಗುವ ತನಕ ಮರಿ ಬಿಡುವ ಹಾಗಿಲ್ಲ ಅಂದರು. ಮೊದಲ ಬಸ್ಸಿಗೆ ಬಾ ಎಂದು ನನಗೂ ಹೇಳಿದರು. ಹೋದೆ.