ಅಣ್ಣನಿಗೆ ಕೇಳಿಸುತ್ತಿದ್ದ ರಸ್ತೆ

ನನ್ನ ಅಣ್ಣ ಪ್ರಾಯವನ್ನೆಲ್ಲ ಖಾಸಗಿ ಬಸ್ಸಿನ ಸ್ಟೇರಿಂಗ್ ಹಿಂದೆ ಕಳೆದವನು. ಹೊಸದುರ್ಗದಲ್ಲಿ ಹತ್ತಿಸಿಕೊಂಡ ಜನರನ್ನು ಹೊಳಲ್ಕೆರೆ, ದುರ್ಗ, ಹಿರಿಯೂರು ಅಂತ ಇಳಿಸುತ್ತಾ ಹೋಗುವುದು, ಸಂಜೆ ಅದೇ ದಾರಿಯಲ್ಲಿ ತಿರುಗಿ ಬರುವುದು. ಅಂಥವನು ಕೊನೆಗೆ ಡಾಂಬರು ರಸ್ತೆಯೆಂದರೆ ಸಿಡಿಮಿಡಿಗೊಳ್ಳುವಂತಾದ. ಕಾರಣ ಅವನ ಕಣ್ಣು. ಒಳಗೆ ಒತ್ತಡ ಹೆಚ್ಚಾಗಿ ನರ ಸಾಯುತ್ತಿದೆ, ಹೋದ ದೃಷ್ಟಿ ಮತ್ತೆ ಬರುವುದಿಲ್ಲ, ಉಳಿದಿದ್ದನ್ನಾದರೂ ಕಾಪಾಡಿಕೊಳ್ಳಿ ಎಂದು ದುರ್ಗದ ಕಣ್ಣಿನ ಡಾಕ್ಟರು ಹೇಳಿದರು. ಮನೆಗೆ ಬಂದು ಕಾಕಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದವನು ಆ ಬೇಸಿಗೆ ಪೂರ್ತಿ ಜಗುಲಿ ಬಿಟ್ಟು ಇಳಿಯಲಿಲ್ಲ.

ನಾನು ಅವನ ತಂಗಿ, ಶ್ರೀರಾಂಪುರದ ಕಡೆ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್. ಮದುವೆ ನನಗೆ ಒಗ್ಗಲಿಲ್ಲ, ಹಾಗಾಗಿ ಅಣ್ಣ ಅತ್ತಿಗೆಯ ಮನೆಯೇ ನನ್ನ ಮನೆ. ಸುಮ್ಮನೆ ಕೂತವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ, ಅದು ಕಸುಬಿನ ಗುಣ. ಒಂದು ಬೆಳಿಗ್ಗೆ ಅವನ ಹಳೆಯ ಸೈಕಲ್ಲಿಗೆ ಗಾಳಿ ಹೊಡೆಸಿ, ಚೈನಿಗೆ ಎಣ್ಣೆ ಬಿಟ್ಟು, ತಂದು ಜಗುಲಿಯ ಮುಂದೆ ನಿಲ್ಲಿಸಿದೆ. ಕಣ್ಣು ಕಾಣದವನನ್ನು ಲಾರಿಯ ಬಾಯಿಗೆ ಕೊಡುತ್ತೀಯಾ ಎಂದು ಅತ್ತಿಗೆ ನನ್ನ ಮೇಲೆ ಹರಿಹಾಯ್ದಳು. ಲಾರಿಯೇ ಬಾರದ ಕಡೆ ಹೋಗುತ್ತೇವೆ ಎಂದೆ.

ಅಂಥ ದಾರಿ ಊರ ಹಿಂದೆಯೇ ಇತ್ತು. ಗುಡ್ಡದ ಮೇಲೆ ಕರೆಂಟು ತೆಗೆಯುವ ಗಾಳಿ ಫ್ಯಾನು ನಿಲ್ಲಿಸಲು ಬಂದವರು ಅದರ ರೆಕ್ಕೆ ಸಾಗಿಸಲೆಂದು ಅಗಲವಾಗಿ ಕಡಿದು ಪುಡಿಗಲ್ಲಿನ ಗರಸು ಹಾಕಿದ ದಾರಿ. ಗುಡ್ಡದಾಚೆಯ ಕುರಿಯವರ ಹಟ್ಟಿಯ ಜನಕ್ಕೂ ಅದೇ ದಾರಿ. ಫ್ಯಾನು ತಿರುಗಲು ಶುರುವಾದ ಮೇಲೆ ಅಲ್ಲಿ ಗಾಡಿ ಕಂಡರೆ ವಿಶೇಷ. ನೆತ್ತಿಯ ಮೇಲೆ ಪಾಳೇಗಾರರ ಕಾಲದ ಮುರುಕು ಬುರುಜು, ಅರ್ಧ ದಾರಿಯಲ್ಲಿ ಮೊಣಕಾಲಿನವರೆಗೆ ಹೂತ ಒಂದು ವೀರಗಲ್ಲು. ನಮ್ಮ ಕಡೆ ಯಾವ ಗುಡ್ಡ ಹತ್ತಿದರೂ ಇಂಥವು ಇದ್ದೇ ಇರುತ್ತವೆ, ಯಾರೂ ನಿಂತು ನೋಡುವುದಿಲ್ಲ. ನಾವು ಆ ವೀರಗಲ್ಲಿನ ಪಕ್ಕ ಕೂತು ನೀರು ಕುಡಿಯುತ್ತಿದ್ದೆವು.

ನಾನು ಮುಂದೆ, ಅಣ್ಣ ಹಿಂದೆ. ಅವನು ಚೆನ್ನಾಗಿಯೇ ತುಳಿಯುತ್ತಿದ್ದ. ಎಡಕ್ಕೆ ಸೀತಾಫಲದ ಗಿಡ ಚಿಗುರಿದೆ, ಅಗೋ ಮಾರಿಕಣಿವೆಯ ಹಿನ್ನೀರು ಹೊಳೆಯುತ್ತಿದೆ ಎಂದೆಲ್ಲ ತೋರಿಸುತ್ತಿದ್ದ. ಹಿನ್ನೀರು ಮಂಜಿನಲ್ಲಿ ಮುಚ್ಚಿಹೋದ ದಿನವೂ ಹೊಳೆಯುತ್ತಿದೆ ಎಂದ. ನಾನು ಹೌದೆಂದೆ. ಬಸ್ಸು ಓಡಿಸಿದವನಿಗೆ ಯಾವ ತಿರುವಿನಲ್ಲಿ ಏನಿರುತ್ತದೆ ಎಂದು ಬಾಯಿಪಾಠ ಇರುತ್ತದೆ, ಅಷ್ಟೇ ಅದು ಎಂದು ಒಳಗೇ ಅನ್ನಿಸಿತು. ಅನ್ನಿಸಿದ್ದನ್ನು ಅಲ್ಲಿಯೇ ಬಿಟ್ಟೆ.

ಒಂದು ದಿನ ದಾರಿಗೆ ಅಡ್ಡವಾಗಿ ಉಡವೊಂದು ಬಂತೆಂದು ನಾನು ತಟ್ಟನೆ ಬ್ರೇಕು ಹಿಡಿದೆ. ಅಣ್ಣ ನೇರ ಬಂದು ನನ್ನ ಕ್ಯಾರಿಯರಿಗೆ ಗುದ್ದಿ ಉರುಳಿದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬಂತೆ, ಬ್ರೇಕಿನ ರಬ್ಬರು ಸವೆದಿದೆ ಎಂದು ಸೈಕಲ್ಲಿಗೇ ಬೈದ. ಬಗಲಲ್ಲಿ ಕೈ ಕೊಟ್ಟು ಎಬ್ಬಿಸುವಾಗ ಅವನ ಕಣ್ಣು ನನ್ನ ಮುಖದ ಮೇಲೆ ಇರಲಿಲ್ಲ, ಕಿವಿಯ ಪಕ್ಕ ಎಲ್ಲೋ ಇತ್ತು. ಎಷ್ಟು ಕಾಣುತ್ತದೆ, ನಿಜ ಹೇಳು ಎಂದು ಕೇಳಿದೆ. ಬೆಳಕು ಕತ್ತಲೆ ಬಿಟ್ಟರೆ ಹೆಚ್ಚೇನಿಲ್ಲ ಎಂದ. ಮತ್ತೆ ಹ್ಯಾಗೆ ಬರುತ್ತೀಯ ಎಂದರೆ, ಪಂಚೆಯ ಧೂಳು ಕೊಡವುತ್ತಾ ಹೇಳಿದ:

"ಗರಸಿನ ಮ್ಯಾಲೆ ನಿನ್ನ ಟೈರು ಸದ್ದು ಮಾಡ್ತೈತಲ್ಲ, ಅದನ್ನ ಹಿಡ್ಕಂಡು ಬರ್ತೀನಿ. ನಿಮ್ಮ ಅತ್ತಿಗೆಗೆ ಹೇಳಬ್ಯಾಡ. ಇದೊಂದು ಹೋದ್ರೆ ನಾನು ಮನೇಲಿ ಕೊಳಿಯೋದೇಯ."

ನಾನು ಹೇಳಲಿಲ್ಲ. ಆವತ್ತಿನಿಂದ ಬೇಕೆಂದೇ ಗರಸು ಸಡಿಲವಿದ್ದ ಕಡೆ ತುಳಿಯತೊಡಗಿದೆ. ಹತ್ತುವಾಗ ಪ್ರಾಣ ಹೋಗುತ್ತಿತ್ತು, ಆದರೆ ಸದ್ದು ಜೋರಾಗಿ ಬರುತ್ತಿತ್ತು. ಅವನು ತಾನಾಗಿ, ಯಾರ ಕೈಯೂ ಹಿಡಿಯದೆ ಹೋಗಬಹುದಾದ ಜಾಗವೆಂದರೆ ಭೂಮಿಯ ಮೇಲೆ ಅದೊಂದೇ ಉಳಿದಿತ್ತು.

ಅದಕ್ಕೂ ಡಾಂಬರು ಬಂತು. ಬೇಡ ಎನ್ನಲು ನನಗೆ ಯಾವ ಮುಖವಿತ್ತು? ಹಿಂದಿನ ವರ್ಷ ಹಟ್ಟಿಯ ಬಸುರಿಯೊಬ್ಬಳನ್ನು ಮಂಚದ ಮೇಲೆ ಮಲಗಿಸಿ ಗುಡ್ಡ ಇಳಿಸಿದ್ದನ್ನು ನಾನೇ ನೋಡಿದ್ದೆ. ಆ ಹಟ್ಟಿಯಿಂದ ನಡೆದು ಬರುವ ಹೆಣ್ಣುಮಕ್ಕಳು ನನ್ನ ಸ್ಕೂಲಿನಲ್ಲೇ ಇದ್ದರು. ರಸ್ತೆ ಬೇಕೆಂದು ಅರ್ಜಿ ಹಿಡಿದು ತಿರುಗಿದವರಿಗೆ ಎಲ್ಲರಂತೆ ನಾನೂ ಸಹಿ ಹಾಕಿದ್ದೆ. ಅತ್ತ ದರಿ, ಇತ್ತ ಪುಲಿ. ಜೆಸಿಬಿ ಬಂತು, ಪಕ್ಕದ ಇಳಿಜಾರಿನಲ್ಲೇ ಗರಸು ತೋಡಿ ರಸ್ತೆಗೆ ಸುರಿಯಿತು, ವೀರಗಲ್ಲನ್ನು ಕಿತ್ತು ಚರಂಡಿಯಾಚೆ ಮಲಗಿಸಿತು. ಕೆಲಸ ಮುಗಿದ ದಿನ ಹಟ್ಟಿಯವರು ಮಂಡಕ್ಕಿ, ಬೆಲ್ಲ ಹಂಚಿದರು. ಅಣ್ಣನೂ ಒಂದು ಹಿಡಿ ತಿಂದ.

ಮರುದಿನ ಹೊರಟೆವು. ಹೊಸ ಡಾಂಬರಿನ ಮೇಲೆ ಟೈರು ಎಣ್ಣೆ ಸವರಿದ ಹಾಗೆ ಹೋಗುತ್ತದೆ, ಸದ್ದೇ ಇಲ್ಲ. ಮೊದಲ ಏರಿನಲ್ಲೇ ಅಣ್ಣ ಕಾಲು ಊರಿ ನಿಂತುಬಿಟ್ಟ. ನಾನು ಮಾತಾಡುತ್ತಾ ಹೋದರೆ ಏರಿನಲ್ಲಿ ಉಸಿರು ಸಾಲದು. ಸೀಟಿ ಊದುತ್ತೇನೆ ಎಂದರೆ, ನಿನ್ನ ಸ್ಕೂಲು ಹುಡುಗರ ಥರ ನನ್ನನ್ನೂ ಕುಣಿಸಬೇಡ ಎಂದು ಸಿಟ್ಟಾದ.

ದಾರಿ ತೋರಿಸಿದವನು ಹಟ್ಟಿಯ ಕುರಿಗಾರ. ದಿನಾ ನಮ್ಮನ್ನು ಕಾಣುತ್ತಿದ್ದ ಅವನಿಗೆ ಅಣ್ಣನ ಅವಸ್ಥೆ ಯಾರೂ ಹೇಳದೆಯೇ ತಿಳಿದಿತ್ತು. ಅವರಲ್ಲಿ ಮಂದೆಯ ಮುಂದೆ ಒಂದು ಹೋತ ನಡೆಯುತ್ತದೆ, ಅದರ ಕೊರಳಿಗೆ ಗಂಟೆ. ಕುರಿ ತಲೆ ತಗ್ಗಿಸಿಕೊಂಡು ನಡೆಯುವ ಪ್ರಾಣಿ, ಮುಂದೆ ಏನಿದೆ ಎಂದು ನೋಡುವುದಿಲ್ಲ, ಗಂಟೆ ಹೋದತ್ತ ಹೋಗುತ್ತದೆ. ಅವನಲ್ಲಿ ಜೋಡಿ ಹೋತಗಳಿದ್ದವು, ಒಂದು ಹಾವು ಕಚ್ಚಿ ಸತ್ತಿತ್ತು. ಅದರ ಗಂಟೆಯನ್ನು ಮಾರುವ ಹಾಗಿಲ್ಲ, ಕೊಡಬಹುದು ಎಂದ. ದೀಪಾವಳಿಯಲ್ಲಿ ಕುರಿಪೂಜೆಯ ದಿನ ಮಾತ್ರ ಹಟ್ಟಿಗೆ ತಂದು ಅರಿಶಿನ ಕುಂಕುಮ ಇಡಿಸಿಕೊಂಡು ಹೋಗಬೇಕು. ಉಣ್ಣೆಯ ಹುರಿಯಲ್ಲಿ ಅದನ್ನು ನನ್ನ ಕ್ಯಾರಿಯರಿಗೆ ತಾನೇ ಬಿಗಿದು ಕಟ್ಟಿದ. ನಾವು ಹೊರಟ ಕೂಡಲೇ ಅವನ ಕುರಿಗಳು ಅರ್ಧ ನನ್ನ ಹಿಂದೆ ಬಂದವು. ಅಣ್ಣ ಬಹಳ ದಿನದ ಮೇಲೆ ಹೊಟ್ಟೆ ತುಂಬ ನಕ್ಕ.

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡೆ. ಬೈಕುಗಳು ಓಡಾಡತೊಡಗಿದ್ದವು, ಹಾರ್ನ್ ಕೇಳಿದರೆ ಇಬ್ಬರೂ ಇಳಿದು ಅಂಚಿಗೆ ನಿಲ್ಲುತ್ತಿದ್ದೆವು. ಮೊದಲಿನ ಸುಖ ಇರಲಿಲ್ಲ. ಹೋಗುವುದಂತೂ ನಿಂತಿರಲಿಲ್ಲ.

ಅದು ಆಷಾಢ. ನಮ್ಮ ಗುಡ್ಡಗಳಲ್ಲಿ ಆಷಾಢದ ಗಾಳಿ ನಿಂತವರನ್ನು ನಿಲ್ಲಗೊಡುವುದಿಲ್ಲ, ಮೇಲೆ ಫ್ಯಾನುಗಳ ಗುಂಯ್ ಎನ್ನುವ ಮೊರೆತ ಬೇರೆ. ಏರಿನ ಮಧ್ಯೆ ಅಣ್ಣನ ಚೈನು ಕಳಚಿತು. ಅದನ್ನು ಏರಿಸಲು ಅವನು ಯಾರನ್ನೂ ಮುಟ್ಟಗೊಡುತ್ತಿರಲಿಲ್ಲ. ನೀನು ಮುಂದಿನ ತಿರುವಿನಲ್ಲಿ ನಿಂತಿರು, ಬರುತ್ತೇನೆ ಎಂದ. ನಾನು ಹೋಗಿ ನಿಂತೆ. ನಿಂತ ಸೈಕಲ್ಲಿನ ಗಂಟೆ ಸದ್ದು ಮಾಡುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಅಷ್ಟರಲ್ಲಿ ಕುರಿಗಾರನ ಮಂದೆ ರಸ್ತೆ ದಾಟಿದೆ. ಚೈನು ಏರಿಸಿ ಹತ್ತಿದ ಅಣ್ಣನಿಗೆ ಉಳಿದ ಹೋತದ ಗಂಟೆ ಕೇಳಿಸಿದೆ. ಎರಡೂ ಒಂದೇ ಕೈಯಲ್ಲಿ ಮಾಡಿಸಿದ ಗಂಟೆಗಳು, ಒಂದೇ ಸ್ವರ. ಅವನು ಧೈರ್ಯವಾಗಿ ಅದರ ಹಿಂದೆ ಸೈಕಲ್ ತಿರುಗಿಸಿದ್ದಾನೆ. ಟೈರಿನ ಕೆಳಗೆ ಗರಸು ಸಿಕ್ಕಿತಂತೆ. ಇದೇನು, ಹಳೆಯ ದಾರಿ ಇನ್ನೂ ಉಳಿದಿದೆಯಲ್ಲ ಎಂದು ಖುಷಿಯಾಗಿ ಎರಡು ಸಲ ಜೋರಾಗಿ ತುಳಿದನಂತೆ. ಅದು ಜೆಸಿಬಿ ಗರಸು ತೋಡಿದ ಗುಂಡಿಯ ಅಂಚು.

ಅವನು ಬಾರದಿದ್ದುದನ್ನು ನೋಡಿ ನಾನು ತಿರುಗಿ ಬಂದಾಗ ಕುರಿಗಾರ ಕೂಗುತ್ತಿದ್ದ. ಗುಂಡಿ ಆಳವಿರಲಿಲ್ಲ, ದೇವರು ದೊಡ್ಡವನು. ಅಣ್ಣ ತಳದಲ್ಲಿ ಕಾಲು ಚಾಚಿ ಕೂತಿದ್ದ. ಮೊಣಕಾಲು ಒಡೆದು ಪಂಚೆಗೆ ರಕ್ತ ಇಳಿದಿತ್ತು, ಸುತ್ತ ಕುರಿಗಳು ಮೂಸುತ್ತಾ ನಿಂತಿದ್ದವು. ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟು ಬಂತು. ಕುರಿಗಾರ ತನ್ನದೇ ತಪ್ಪೆಂಬಂತೆ ಹೋತದ ಕೊರಳಿನ ಗಂಟೆ ಬಿಚ್ಚಲು ಹೋದ. ಅಣ್ಣ ಬೇಡವೆಂದ. ಗಂಟೆ ಇಲ್ಲದಿದ್ದರೆ ಪಾಪ ಅವು ಎಲ್ಲಿಗೆ ಹೋಗಬೇಕು ಎಂದ. ಆಮೇಲೆ ನನ್ನ ಕಡೆ ತಿರುಗಿದ.

"ಐವತ್ತು ಜನ ನನ್ನ ಹಿಂದೆ ಕಣ್ಣು ಮುಚ್ಕಂಡು ನಿದ್ದೆ ಮಾಡೋರು ಕಣಮ್ಮ. ಇವತ್ತು ನಾನು ಹೋತದ ಹಿಂದೆ ಹೋದೆ. ಸಾಕು."

ಗಾಯ ಮಾಯಲಿ, ಆಮೇಲೆ ನೋಡೋಣ ಎಂದು ನಾನು ಏನೇನೋ ಹೇಳಿದೆ. ನಾನೂ ಕುರಿಗಾರನೂ ಹಿಡಿದು ಅವನನ್ನು ರಸ್ತೆಗೆ ತಂದೆವು, ಕುರಿಗಾರ ಸೈಕಲ್ಲನ್ನು ಎತ್ತಿ ತಂದು ನನ್ನ ಕೈಗೆ ಕೊಟ್ಟ. ಹಟ್ಟಿಯ ಕಡೆಯಿಂದ ಗಾರೆ ಕೆಲಸದವನೊಬ್ಬ ಬೈಕಿನಲ್ಲಿ ಬಂದ. ರಕ್ತ ನೋಡಿ ನಿಲ್ಲಿಸಿ, ಮನೆಗೆ ಬಿಡುತ್ತೇನೆ, ಹಿಂದೆ ಕೂರಿ ಎಂದ. ಬೇಡವೆನ್ನಲು ನಾನೇ ಬಾಯಿ ತೆರೆದೆ. ಕಣ್ಣು ಕೆಟ್ಟ ಮೇಲೆ ಅಣ್ಣ ಯಾರ ಗಾಡಿಯ ಹಿಂದೆಯೂ ಕೂತವನಲ್ಲ. ದುರ್ಗದ ಆಸ್ಪತ್ರೆಗೆ ಹೋಗುವಾಗಲೂ ಬಸ್ಸಿನಲ್ಲಿ ಡ್ರೈವರ್ ಪಕ್ಕ ನಿಂತೇ ಹೋಗುತ್ತಿದ್ದ.

ಅವನು ಕೈಯಿಂದ ಸೀಟು ತಡವಿ, ನೊಂದ ಕಾಲನ್ನು ಎತ್ತಿ ಹಾಕಿ ಕೂತ. ಮುಂದಿನವನ ಭುಜವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ. ನಾನು ಎರಡು ಸೈಕಲ್ಲು ಹಿಡಿದು ನಿಂತಿದ್ದೆ. ಬೈಕು ಇಳಿಜಾರಿನಲ್ಲಿ ಹೊರಟಿತು. ತಿರುವು ಬರುವ ಮೊದಲು ಅಣ್ಣ ಒಂದು ಕೈ ಬಿಟ್ಟು, ತಿರುಗಿ ನನಗೆ ಬೀಸಿದ. ನಾನು ನಿಂತಿದ್ದ ಕಡೆಗಲ್ಲ, ಯಾರೂ ಇಲ್ಲದ ಎದುರಿನ ಗುಡ್ಡದ ಕಡೆಗೆ. ನಾನೂ ಕೈ ಬೀಸಿದೆ.