ಐಸ್‌ಕ್ರೀಮ್ ಫ್ರೀಜರಿನ ಮೀನು

ನಮ್ಮಣ್ಣ ಫ್ರಿಜ್ ರಿಪೇರಿ ಮಾಡುವವನು. ಅವನಿಗೆ ಸಿಟ್ಟೇ ಬರುವುದಿಲ್ಲ. ಅವನ ಪಾಲಿನದೂ ನನಗೇ ಬಂದಿದೆ ಎಂದು ಅಮ್ಮ ಹೇಳುತ್ತಿದ್ದಳು. ಈ ಮೀನಿನ ವಿಷಯಕ್ಕಂತೂ ಎರಡು ಪಾಲೂ ಸಾಲಲಿಲ್ಲ.

ಮೀನು ಭಾವನದು. ಮರ್ಯಾದೆ ಕೊಟ್ಟು ಬರೆಯಲು ನನ್ನಿಂದಾಗದು. ಎರಡು ವರ್ಷದ ಹಿಂದೆ ಅಕ್ಕನ ಮನೆಯ ನಡುಮನೆಗೆ ಅಂದವಾಗಿರಲಿ ಎಂದು ಬೆರಳುದ್ದದ್ದು ತಂದಿದ್ದ. ಸಣ್ಣ ಮೀನುಗಳನ್ನು ಇಡಿಯಾಗಿ ನುಂಗುವ ಜಾತಿ. "ತೊಟ್ಟಿ ಎಷ್ಟಿದ್ರೆ ಅಷ್ಟೇ ಬೆಳೀತದೆ" ಎಂದು ಅಂಗಡಿಯವನು ಹೇಳಿದನಂತೆ, ಇವನು ತಲೆಯಾಡಿಸಿದನಂತೆ. ಮಕ್ಕಳಿಗೆ ಚಪ್ಪಲಿ ಕೊಳ್ಳುವಾಗ ಒಂದು ಅಳತೆ ದೊಡ್ಡದೇ ಕೊಳ್ಳುವ ಮನುಷ್ಯ ಇವನು. ಈಗ ಮೀನು ಮೊಳದುದ್ದ. ಎರಡಡಿಯ ಗಾಜಿನ ತೊಟ್ಟಿಯಲ್ಲಿ ತಿರುಗಬೇಕಾದರೆ ಮೈ ಮಡಚಬೇಕು. ಬಾಲ ಸೊಟ್ಟಗಾಗಿತ್ತು.

"ಭಾನುವಾರ ಕೆರೆಗೆ ಬಿಟ್ಟುಬಿಡ್ತೀನಿ, ಪೀಡೆ ತೊಲಗಲಿ" ಎಂದ ಭಾವ.

"ಕೆರೇಲಿರೋ ಮೀನೆಲ್ಲ ತಿಂದುಹಾಕ್ತದೆ ಭಾವ. ನಾನೇ ಸಾಕ್ತೀನಿ" ಎಂದ ಅಣ್ಣ. ಹೊಸ ತೊಟ್ಟಿಯ ಬೆಲೆ ಕೇಳಿ ಬಂದ ಮೇಲೂ ಮಾತು ಬದಲಿಸಲಿಲ್ಲ.

ಒಂದು ಗ್ಯಾರಂಟಿ ಕಾರ್ಡಿನ ಹಿಂದೆ ಅವನ ನಕ್ಷೆ ತಯಾರಾಯಿತು. ಐಸ್‌ಕ್ರೀಮ್ ಅಂಗಡಿಯವರು ಬಿಸಾಡಿದ ಆರಡಿ ಫ್ರೀಜರೇ ತೊಟ್ಟಿ. ಮುಚ್ಚಳಕ್ಕೆ ಗಾಜಿದೆ, ಮೀನು ಹಾರಿ ಹೊರಗೆ ಬೀಳುವುದಿಲ್ಲ. ನೀರು ಸೋಸಲು ಬಕೆಟ್ಟಿನ ತುಂಬ ಸ್ಪಂಜು, ಅದಕ್ಕೊಂದು ಸಣ್ಣ ಪಂಪು. ಪೈಪಿಗೆ ಖರ್ಚೇ ಇಲ್ಲ. ಪೈಪು ಅಂದರೆ ಅವನಿಗೆ ತಾಮ್ರವೇ. ಫ್ರಿಜ್ ಕೆಲಸದ ಚೀಲದಲ್ಲಿ ತುಂಡುಗಳು ಸದಾ ಇರುತ್ತವೆ. ಬಗ್ಗಿಸಿ, ಬೆಸೆದು, ಫಳಫಳ ಉಜ್ಜಿದ. ಪಂಪು ತರಲು ಹೋದಾಗ ಅದೇ ಮೀನಂಗಡಿಯವನಿಗೆ, ಪೈಪಿನ ಪಕ್ಕ ‘ತಾಮ್ರ’ ಎಂದು ಬರೆದಿದ್ದ ನಕ್ಷೆ ತೋರಿಸಿದ್ದ. "ಚೆನ್ನಾಗಿದೆ, ಮಾಡಿ" ಎಂದಿದ್ದ ಅವನು.

ಫ್ರೀಜರಿಗೆ ಬಿಟ್ಟ ಮೂರನೇ ದಿನ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿತು. ನಾನು ಅಂಗಡಿಗೆ ಓಡಿ ಫ್ರೀಜರು, ಪಂಪು, ಪೈಪು ಎಲ್ಲ ವಿವರಿಸಿದೆ.

"ತಾಮ್ರ ಹಾಕಿದ್ರಾ? ಮೀನಿಗೆ ಅದು ವಿಷ ಕಣಮ್ಮ" ಎಂದು ಅಂಗಡಿಯವನು ಹಲ್ಲು ಕಿರಿದ.

"ನಕ್ಷೆ ತೋರಿಸ್ದಾಗ ಬಾಯಲ್ಲಿ ಏನಿಟ್ಕೊಂಡಿದ್ರಿ?"

"ನಾನೆಲ್ಲಿ ನೋಡ್ದೆ, ಗಿರಾಕಿಗಳಿದ್ರು."

ಮೈಯೆಲ್ಲ ಉರಿದುಹೋಯಿತು. ಬೈಯುತ್ತ ನಿಂತರೆ ಅಲ್ಲಿ ಮೀನು ಸಾಯುತ್ತದೆಂದು ಮನೆಗೆ ಓಡಿದೆ.

ತಾಮ್ರ ಕಿತ್ತು ಪ್ಲಾಸ್ಟಿಕ್ ಪೈಪು ಹಾಕಿದೆವು. ಎರಡು ದಿನ ಕೊಡಗಟ್ಟಲೆ ನೀರು ಬದಲಾಯಿಸಿ ನನ್ನ ಸೊಂಟ ಬಿದ್ದುಹೋಯಿತು. ಮೀನು ಉಳಿಯಿತು. "ನನ್ನ ಕೈಯಾರೆ ಉಜ್ಜಿ ಹಾಕಿದ್ನಲ್ಲೇ" ಎಂದು ಅಣ್ಣ ತನ್ನನ್ನೇ ಹಳಿದುಕೊಂಡ. ಅಂಗಡಿಯವನಿಗೆ ಒಂದು ಮಾತೂ ಅನ್ನಲಿಲ್ಲ. ನನಗೆ ಅದು ಇನ್ನೊಂದು ಉರಿ.

ತಿಂಗಳಾದ ಮೇಲೆ ಭಾವ ಬಂದ. ಕೈಯಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಚೀಲ, ಅದರಲ್ಲಿ ಬೆರಳುದ್ದದ ಮೀನು. ಅದೇ ಜಾತಿ.

"ಮನೇಲಿ ತೊಟ್ಟಿ ಖಾಲಿ ಬಿದ್ದಿತ್ತಲ್ಲ. ಬೆಳೆದ್ರೆ ಹೇಗೂ ನೀನಿದ್ದೀಯ."

ನಾನು ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಅವನ ತೋಳು ಹಿಡಿದು ಫ್ರೀಜರ್ ಹತ್ತಿರ ಎಳೆದ. ಮೀನು ಈ ತುದಿಯಿಂದ ಹೊರಟು, ಎರಡಡಿ ಹೋಗಿ, ಮೈ ಮಡಚಿ ತಿರುಗಿತು. ಮತ್ತೆ ಎರಡಡಿ ಬಂದು ಮತ್ತೆ ತಿರುಗಿತು.

"ಮುಂದೆ ನಾಲ್ಕಡಿ ಖಾಲಿ ಇದೆ ಭಾವ. ಅಲ್ಲಿ ಗಾಜಿಲ್ಲ. ತಿಂಗಳಿಂದ ನೋಡ್ತಿದೀನಿ, ಒಂದು ದಿನಾನೂ ಅದು ಆಚೆ ಹೋಗಿಲ್ಲ."

ಅಣ್ಣನ ದನಿ ನಡುಗುತ್ತಿತ್ತು. ಅದು ಸಿಟ್ಟು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಭಾವನ ಕೈಯಿಂದ ಚೀಲ ತೆಗೆದುಕೊಂಡು ಚಪ್ಪಲಿ ಮೆಟ್ಟಿದ. ಎಲ್ಲಿಗೆಂದು ಕೇಳಬೇಕಾಗಿರಲಿಲ್ಲ. ಅಂಗಡಿಯವನನ್ನು ಬೈಯಲು ನಾನೂ ಎದ್ದೆ.

"ನೀನು ಬೇಡ" ಎಂದ. "ಇವತ್ತು ನಾನೇ ಬೈತೀನಿ."