ಹೊಲಿಗೆ ಬೀಳದ ಪುಸ್ತಕ

ಆ ದಿನವೂ ಬೆಳಿಗ್ಗೆ ಎದ್ದವಳೇ ಅವಳು ಅಂಟು ಕಾಯಿಸಿದಳು. ಮೈದಾ ಹಿಟ್ಟು, ನೀರು, ಸಣ್ಣ ಉರಿ. ಕೈಯಾಡಿಸುತ್ತಲೇ ಇರಬೇಕು. ಕೈ ನಿಂತರೆ ಗಂಟು ಕಟ್ಟಿತು ಅಂತಲೇ ಲೆಕ್ಕ. ನಿನ್ನೆಯ ಅಂಟು ಇವತ್ತಿಗೆ ಹುಳಿ ನಾತ ಹೊಡೆಯುತ್ತದೆ, ಅದಕ್ಕೇ ದಿನಾ ಹೊಸದು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಓದುವುದಕ್ಕೆ ಪುಸ್ತಕ ಬಾಡಿಗೆಗೆ ಕೊಡುವ ಅಂಗಡಿ. ಜನ ಲೈಬ್ರರಿ ಅನ್ನುತ್ತಿದ್ದರು. ಅಲ್ಲಿ ಇದ್ದದ್ದು ಪ್ರೇಮದ ಕಾದಂಬರಿ ಮಾತ್ರ. ಒಂದು ಗೋಡೆಗೆ ರಾಜರ ಕಾಲದವು, ಎದುರು ಗೋಡೆಗೆ ಈಗಿನ ಕಾಲದವು. ನಡುವೆ ಅವಳ ಮೇಜು, ಮೇಜಿನ ಮೇಲೆ ದಬ್ಬಣ, ಮೇಣ ತಿಕ್ಕಿದ ದಾರ, ರಟ್ಟು, ಅಂಟಿನ ಪಾತ್ರೆ. ಹೊಸ ಪುಸ್ತಕ ಬಂದ ಹಾಗೇ ಬಾಡಿಗೆಗೆ ಬಿಟ್ಟರೆ ನಾಲ್ಕು ಕೈ ಬದಲಾಗುವಷ್ಟರಲ್ಲಿ ಹಾಳೆ ಹಾಳೆ ಆಗುತ್ತದೆ. ಅದಕ್ಕೆ ಅವಳು ಬೆನ್ನು ಬಿಚ್ಚಿ, ಗಟ್ಟಿ ಹೊಲಿಗೆ ಹಾಕಿ, ರಟ್ಟು ಅಂಟಿಸಿ ಕೊಡಬೇಕು. ಓದುವುದು ಯಜಮಾನರ ಕೆಲಸ, ಹೊಲಿಯುವುದು ಅವಳ ಕೆಲಸ.

ಅಂಗಡಿಗೆ ಒಂದೇ ಒಂದು ಕಟ್ಟಳೆ. ಯಜಮಾನರು ಓದಿ ಮುಗಿಸದ ಪುಸ್ತಕಕ್ಕೆ ಹೊಲಿಗೆ ಬೀಳುವಂತಿಲ್ಲ. ಹೊಲಿಗೆ ಬೀಳದ ಪುಸ್ತಕ ಹೊರಗೆ ಹೋಗುವಂತಿಲ್ಲ.

"ತಾನು ರುಚಿ ನೋಡದೆ ಇರೋದನ್ನ ಇನ್ನೊಬ್ಬರ ತಟ್ಟೆಗೆ ಹಾಕಬಾರದು ಕಣೇ" ಅನ್ನುತ್ತಿದ್ದರು.

ಬಂದವರು ತಾವಾಗಿ ಪುಸ್ತಕ ಆರಿಸುತ್ತಿದ್ದದ್ದು ಕಡಿಮೆ. ಬಾಗಿಲಲ್ಲಿ ನಿಂತು, "ಏನು ಬಂದಿದೆ ಹೊಸದು?" ಅನ್ನುವರು. ಯಜಮಾನರು ಪುಸ್ತಕದ ಕಡೆ ನೋಡುತ್ತಿರಲಿಲ್ಲ, ಬಂದವರ ಮುಖ ನೋಡುತ್ತಿದ್ದರು. ಮನೆಯಲ್ಲಿ ಎಲ್ಲ ಹೇಗೆ, ನಿದ್ದೆ ಬರುತ್ತಿದೆಯಾ, ಅತ್ತೆಯ ಕೋಪ ಇಳಿಯಿತಾ ಅಂತ ಕೇಳಿ, ಆಮೇಲೆ ಎದ್ದು ಒಂದನ್ನು ತೆಗೆದುಕೊಡುವರು. ಅದಕ್ಕೇ ಬೀದಿಯವರು ಅವರಿಗೆ ಕಾದಂಬರಿ ಡಾಕ್ಟರು ಅಂತ ಹೆಸರಿಟ್ಟಿದ್ದರು. ಎಲ್ಲರಿಗೂ ಒಂದೇ ಮಾತ್ರೆ ಕೊಡುವ ಡಾಕ್ಟರಲ್ಲ ಅನ್ನುವುದು ಅವರ ಹೆಮ್ಮೆ.

ಆ ದಿನ ಮೊದಲು ಬಂದವರು ಮೂಲೆ ಮನೆಯ ರಿಟೈರಾದ ಗುಮಾಸ್ತರು.

"ನಮ್ಮ ಮನೆಯವಳಿಗೆ ಒಂದು ಕೊಡಿ ಡಾಕ್ಟ್ರೇ."

"ಮನೆಯವರಿಗೆ ಅಳೋದು ಬೇಕೋ, ನಗೋದು ಬೇಕೋ?"

"ಸ್ವಲ್ಪ ಅಳು ಬಂದ್ರೂ ಪರವಾಗಿಲ್ಲ. ಕೊನೇಲಿ ಮಾತ್ರ ಸರಿ ಹೋಗ್ಬೇಕು. ಇಲ್ದಿದ್ರೆ ನನಗೆ ನಿದ್ದೆ ಬರಲ್ಲ." ಗುಮಾಸ್ತರು ಕೆಮ್ಮಿದರು. "ಅವಳಿಗೆ."

ಅವರ ಮನೆಯವರು ಟೀವಿ ಬಿಟ್ಟು ಅಲ್ಲಾಡುವವರಲ್ಲ ಅನ್ನುವುದು ಬೀದಿಗೆಲ್ಲ ಗೊತ್ತು. ಅವಳು ದಾರ ಕಚ್ಚಿ ಹರಿಯುವ ನೆಪದಲ್ಲಿ ತಲೆ ತಗ್ಗಿಸಿ ನಕ್ಕಳು. ಯಜಮಾನರು ಗಂಭೀರವಾಗಿ, "ಮನೆಯವರಿಗೆ ನಮಸ್ಕಾರ ಹೇಳಿ. ಈ ಸಲ ಪುಟದ ಮೂಲೆ ಮಡಚಬೇಡಿ ಅಂತಾನೂ ಹೇಳಿ" ಅಂದರು.

ಮಧ್ಯಾಹ್ನ ಊಟವಾದ ಮೇಲೆ ಬಾಗಿಲು ಅರ್ಧ ಎಳೆದು, ಅವಳಿಗೆ ಓದಿ ಹೇಳುವುದು ಮದುವೆಯಾದಾಗಿನ ಅಭ್ಯಾಸ. ಅವಳು ಶಾಲೆ ಬಿಟ್ಟದ್ದು ಮೂರನೇ ಕ್ಲಾಸಿಗೆ. ಅಕ್ಷರ ಬರುತ್ತದೆ, ಒತ್ತಕ್ಷರ ಬಂದರೆ ಮುಗ್ಗರಿಸುತ್ತಾಳೆ. ಒಂದು ಸಾಲು ಮುಗಿಯುವಷ್ಟರಲ್ಲಿ ಹಿಂದಿನ ಸಾಲು ಮರೆತುಹೋಗುತ್ತದೆ. ಹಾಗಾಗಿ ಅವರು ಓದುವರು, ಹಿಂದಿನ ವಾರ ಅವರು ಓದಿ ಮುಗಿಸಿದ್ದನ್ನು ಹೊಲಿಯುತ್ತಾ ಅವಳು ಕೇಳುವಳು. ಕೊನೆಯ ಪುಟ ಬಂದಾಗ ಅವರು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡು, ನಿಧಾನವಾಗಿ, ಬಾಯಿಪಾಠ ಒಪ್ಪಿಸುವವರ ಹಾಗೆ ಮುಗಿಸುವರು. ಓದಿ ಓದಿ ಕಣ್ಣು ಸೋತಿರುತ್ತದೆ, ಪಾಪ, ಅಂದುಕೊಳ್ಳುವಳು.

ಅವತ್ತಿನದು ಈಗಿನ ಕಾಲದ್ದು. ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಒಬ್ಬ ಹೆಂಗಸು. ದಿನಾ ಒಬ್ಬ ಗಂಡಸು ಬಂದು ದೂರದ ಊರಿಗೆ ಟಿಕೆಟ್ ತೆಗೆದುಕೊಳ್ಳುತ್ತಾನೆ, ಬಸ್ ಮಾತ್ರ ಹತ್ತುವುದಿಲ್ಲ. ಟಿಕೆಟ್ ಕಿಟಕಿಯಲ್ಲಿ ಅವಳ ಮುಖ ನೋಡಿ ಹೋಗುವುದಕ್ಕೇ ಬರುವವನು. ಒಂದು ದಿನ ಇಬ್ಬರಿಗೂ ಮಾತಿಗೆ ಮಾತು ಬೆಳೆಯುತ್ತದೆ. ಅವನು ನಿಜವಾಗಿಯೂ ಬಸ್ ಹತ್ತಿಬಿಡುತ್ತಾನೆ.

ಯಜಮಾನರು ಅಲ್ಲಿಗೆ ಒಂದು ತುಂಡು ದಾರ ಇಟ್ಟು ಪುಸ್ತಕ ಮುಚ್ಚಿದರು.

"ರೀ, ವಾಪಸ್ ಬರ್ತಾನೋ ಇಲ್ವೋ?"

"ನಾಳೆ."

"ಅಷ್ಟು ಹೇಳಿ ಸಾಕು."

"ನಾಳೆ ಕಣೇ. ಬಸ್ಸು ಎಲ್ಲೂ ಓಡಿಹೋಗಲ್ಲ."

ಮರುದಿನ ಬೆಳಿಗ್ಗೆ ಅವಳು ಒಳಗೆ ಅಂಟಿಗೆ ಕೈಯಾಡಿಸುತ್ತಿದ್ದಳು. ಅಂಗಡಿ ಬಾಗಿಲು ಮೇಲೇಳುವ ಸದ್ದು ಅರ್ಧಕ್ಕೇ ನಿಂತಿತು. ತುಕ್ಕು ಹಿಡಿದಿರಬೇಕು, ಎಣ್ಣೆ ಬಿಡಿ ಅಂತ ಎಷ್ಟು ಸಲ ಹೇಳಿದ್ದೇನೆ ಅಂತ ಗೊಣಗುತ್ತಾ ಬಂದಳು. ಅವರು ಮೆಟ್ಟಿಲ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಕೈಯಲ್ಲಿ ಬೀಗದ ಕೈ ಇತ್ತು. ಕರೆದಳು. ಭುಜ ಹಿಡಿದು ಅಲ್ಲಾಡಿಸಿದಳು. ಒಳಗೆ ಅಂಟು ಸೀದ ವಾಸನೆ ಬರುತ್ತಿತ್ತು.

ಅಷ್ಟೇ. ಹೃದಯ ಅಂದರು ಡಾಕ್ಟರು. ಅವರು ನಿಜವಾದ ಡಾಕ್ಟರು.

ಬಂದವರೆಲ್ಲ ಹೋದ ಮೇಲೆ ನಾದಿನಿ ಮಾತು ತೆಗೆದಳು.

"ಅತ್ತಿಗೆ, ಇಷ್ಟು ದಿನ ಅಣ್ಣನ ಹುಚ್ಚು ನಡೀತು. ಇನ್ನು ಈ ಕಾಗದದ ರಾಶಿ ಇಟ್ಕೊಂಡು ಏನ್ಮಾಡ್ತೀರಾ? ಹಳೇ ಪೇಪರಿನವನಿಗೆ ಹಾಕಿ. ಈ ಕೋಣೆನ ಬಾಡಿಗೆಗೆ ಕೊಟ್ಟು ನಮ್ಮನೇಗೆ ಬಂದ್ಬಿಡಿ."

"ಅಂಗಡಿ ನಾನು ನಡೆಸ್ತೀನಿ."

"ನೀವಾ? ಓದೋಕೇ ಬರದವರು ಇದನ್ನ ಓದಿ ಅಂತ ಜನಕ್ಕೆ ಹೇಳ್ತೀರಾ? ಈಜು ಬರದವಳು ಈಜು ಕಲಿಸೋಕೆ ಹೋದ ಹಾಗಾಯ್ತು."

"ನನಗೆ ಎಲ್ಲಾ ಕಥೆನೂ ಗೊತ್ತು. ಕಿವಿಯಲ್ಲಿ ಕೇಳಿದ್ದೀನಿ."

ಅದು ನಿಜವಾಗಿತ್ತು. ಎರಡೂ ಗೋಡೆಯ ಯಾವ ಪುಸ್ತಕ ಮುಟ್ಟಿದರೂ ಅದರ ರಾಣಿ, ಅದರ ಟೈಪಿಸ್ಟು, ಅದರ ಕುದುರೆ ಸವಾರ ಅವಳಿಗೆ ನೆನಪಾಗುತ್ತಿದ್ದರು. ಅವರು ಓದಿದ ದನಿಯೂ ನೆನಪಾಗುತ್ತಿತ್ತು. ಅವಳಿಗೆ ಬೇಕಾಗಿದ್ದದ್ದೂ ಅದೇ. ಬಾಗಿಲಲ್ಲಿ ನಿಂತವರಿಗೆ ತಾನು ಸರಿಯಾದ ಪುಸ್ತಕ ತೆಗೆದುಕೊಡುತ್ತಿರುವವರೆಗೂ ಅವರು ಪೂರ್ತಿ ಹೋಗಿಲ್ಲ ಅಂತ ಒಂದು ನಂಬಿಕೆ. ಅದೂ ಹೋದರೆ ಅವಳ ಹತ್ತಿರ ಉಳಿಯುವುದು ದಬ್ಬಣ ಮಾತ್ರ.

ಶುರುವಿನಲ್ಲಿ ಚೆನ್ನಾಗಿಯೇ ನಡೆಯಿತು. ಅವರ ಹಾಗೆ ಮುಖ ನೋಡಿದಳು, ಅವರ ಹಾಗೆ ಕೇಳಿದಳು. ಇದರಲ್ಲಿ ಅತ್ತೆ ಸೊಸೆ ಒಂದಾಗುತ್ತಾರೆ, ಇದರಲ್ಲಿ ರಾಜಕುಮಾರ ಸಿಂಹಾಸನ ಬಿಟ್ಟು ಬರುತ್ತಾನೆ ಅಂತ ಹೇಳಿ ಕೊಟ್ಟಳು. ಕೆಲವರು ತಿರುಗಿಸಿ ಕೊಡುವಾಗ ಅವಳ ಮುಖ ನೋಡಿ ಏನೋ ಹೇಳಲು ಹೊರಟು ಸುಮ್ಮನಾದರು. ಪಾಪ, ಮೊನ್ನೆ ಗಂಡನನ್ನು ಕಳಕೊಂಡವಳು ಅಂತ. ಅವರು ಸುಮ್ಮನಾದದ್ದು ಯಾಕೆ ಅಂತ ಅವಳಿಗೆ ಆಗ ಹೊಳೆಯಲಿಲ್ಲ.

ಆಗ ಬಂದವಳು ಎದುರಿನ ಟೈಲರ್ ಅಂಗಡಿಯ ಹುಡುಗಿ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಗಂಡ ಹಡಗಿನಲ್ಲಿ ಕೆಲಸಕ್ಕೆ. ಕೆಲವು ದಿನದಿಂದ ಅವನ ಫೋನಿಲ್ಲ. ಕಂಪನಿಯವರನ್ನು ಕೇಳಿದರೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತು.

"ಅಕ್ಕ, ಹೋದವನು ತಿರುಗಿ ಬರೋದು ಯಾವುದಾದ್ರೂ ಇದ್ರೆ ಕೊಡಿ. ಮಿಷಿನ್ ತುಳೀತಾ ತುಳೀತಾ ಏನೇನೋ ತಲೆಗೆ ಬರುತ್ತೆ."

ಅವಳು ಯೋಚನೆ ಮಾಡಲೂ ಇಲ್ಲ. ಎದ್ದು ರಾಜರ ಕಾಲದ ಗೋಡೆಯಿಂದ ಒಂದು ತೆಗೆದಳು. ಒಬ್ಬ ಸಿಪಾಯಿ ಯುದ್ಧಕ್ಕೆ ಹೋಗುತ್ತಾನೆ, ನೀರು ಸೇದುವ ಹುಡುಗಿ ಬಾವಿಕಟ್ಟೆಯ ಮೇಲೆ ಕೂತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಾಳೆ. ಕೊನೆಗೆ ಅವನು ಕುಂಟುತ್ತಾ ಬರುತ್ತಾನೆ. ಬಂದು, "ಬಾಯಾರಿಕೆ" ಅನ್ನುತ್ತಾನೆ. ಆ "ಬಾಯಾರಿಕೆ" ಅನ್ನುವ ಮಾತನ್ನು ಯಜಮಾನರು ಕನ್ನಡಕ ತೆಗೆದು ಹೇಳಿದ್ದಾಗ ಅವಳು ದಬ್ಬಣ ಕೆಳಗಿಟ್ಟು ಅತ್ತಿದ್ದಳು. ಸಂತೋಷಕ್ಕೆ.

"ತಗೋ. ಬರ್ತಾನೆ ಇದರಲ್ಲಿ. ಕಣ್ಣು ಮುಚ್ಚಿಕೊಂಡು ಓದು."

ಮರುದಿನ ಮಧ್ಯಾಹ್ನ ಹುಡುಗಿ ಬಂದು ಪುಸ್ತಕವನ್ನು ಮೇಜಿನ ಮೇಲೆ ಎಸೆದಳು. ಅಂಟಿನ ಪಾತ್ರೆ ಅಲ್ಲಾಡಿತು. ಅವಳ ಕಣ್ಣು ಕೆಂಡವಾಗಿತ್ತು.

"ಏನಕ್ಕ ನೀವು? ನಾನು ಕೇಳಿದ್ದೇನು, ನೀವು ಕೊಟ್ಟಿದ್ದೇನು?"

"ಯಾಕಮ್ಮಾ? ಬರ್ತಾನಲ್ಲ, ಕುಂಟ್ತಾ..."

"ಎಲ್ಲಿ ಬರ್ತಾನೆ? ಬರೋದು ಕುದುರೆ. ಬರೀ ಕುದುರೆ. ಅವಳು ಅದಕ್ಕೆ ನೀರು ಕುಡಿಸ್ತಾಳೆ, ಮುಗೀತು."

"ನೀನು ಸರಿಯಾಗಿ ಓದಿಲ್ಲ."

"ತೋರಿಸಿ ಹಾಗಾದ್ರೆ. ಎಲ್ಲಿದ್ದಾನೆ ತೋರಿಸಿ."

ಅವಳು ಕೊನೆಯ ಪುಟ ತೆಗೆದು ಬೆರಳಿಟ್ಟಳು. ಒಂದೊಂದೇ ಅಕ್ಷರ ಕೂಡಿಸಿದಳು. ಕು-ದು-ರೆ. ಬೆನ್-ನ ಮೇ-ಲೆ. ಯಾ-ರೂ. ಹುಡುಗಿ ಮೂಗು ಒರೆಸಿಕೊಳ್ಳುತ್ತಾ ನಿಂತೇ ಇದ್ದಳು. ಪುಟ ಮುಗಿಯಿತು. ಕುಂಟುವವನು ಎಲ್ಲೂ ಇರಲಿಲ್ಲ. ಬಾಯಾರಿಕೆ ಅನ್ನುವ ಮಾತೂ ಇರಲಿಲ್ಲ.

"ಡಾಕ್ಟ್ರು ಇದ್ದಿದ್ರೆ ಇದನ್ನ ನನ್ನ ಕೈಗೆ ಕೊಡ್ತಿರಲಿಲ್ಲ" ಅಂದು ಹುಡುಗಿ ಹೊರಟುಹೋದಳು.

ಅವಳ ಗಂಡನ ವಿಷಯ ಆಮೇಲೆ ಏನಾಯಿತು ಅಂತ ಕೇಳುವ ಧೈರ್ಯ ಇವಳಿಗೆ ಬರಲಿಲ್ಲ. ಎದುರಿನ ಅಂಗಡಿಯಲ್ಲಿ ಮಿಷಿನ್ ಸದ್ದು ನಿಂತಿತು. ಸ್ವಲ್ಪ ದಿನಕ್ಕೆ ಅಲ್ಲಿ ಚಪ್ಪಲಿ ಅಂಗಡಿ ಬಂತು.

ಗುಮಾಸ್ತರು ಬಂದಾಗ ಅವಳು ಬೇರೆ ಮಾತೇ ಆಡಲಿಲ್ಲ. ಪುಸ್ತಕಗಳನ್ನು ಮೇಜಿನ ಮೇಲೆ ರಾಶಿ ಹಾಕಿದಳು.

"ಕೊನೇಲಿ ಏನಾಗುತ್ತೆ ಹೇಳಿ. ನೀವೇ ಓದೋರು ಅಂತ ನನಗೆ ಗೊತ್ತು. ನಾಚಿಕೆ ಪಡಬೇಡಿ."

ಗುಮಾಸ್ತರು ಕುರ್ಚಿ ಎಳೆದುಕೊಂಡು ಕೂತರು. ಅವಳು ಹೇಳುವಳು, ಅವರು ನೋಡುವರು.

"ಇದರಲ್ಲಿ ಇಬ್ಬರೂ ಸೇರಿ ಟೀ ಅಂಗಡಿ ಇಡ್ತಾರೆ."

"ಇಲ್ಲಮ್ಮ. ಅವಳು ಬೇರೆಯವನನ್ನ ಮದುವೆ ಆಗ್ತಾಳೆ."

"ಇದರಲ್ಲಿ ರಾಣಿಗೆ ಮಗು ಸಿಗುತ್ತೆ."

ಗುಮಾಸ್ತರು ಹಾಳೆ ತಿರುಗಿಸಿದರು. ಇಲ್ಲ ಅನ್ನುವ ಹಾಗೆ ತಲೆ ಅಲ್ಲಾಡಿಸಿದರು.

"ಇದು?"

"ಇದು ಸರಿ ಇದೆ. ಒಂದಾಗ್ತಾರೆ. ಇದೂ ಸರಿ ಇದೆ." ಅವರ ದನಿಯಲ್ಲಿ ಸಮಾಧಾನ ಬಂತು. ಮುಂದಿನದನ್ನು ತೆಗೆದರು. ಮತ್ತೆ ತಲೆ ಅಲ್ಲಾಡಿಸಿದರು.

ಅವಳಿಗೆ ಆಗ ಕನ್ನಡಕ ನೆನಪಾಯಿತು. ಕನ್ನಡಕ ಇಲ್ಲದೆ ಗಡಿಯಾರ ನೋಡಲೂ ಬರದ ಮನುಷ್ಯ, ಕೊನೆಯ ಪುಟವನ್ನು ಹೇಗೆ ಓದುತ್ತಿದ್ದರು? ಇಷ್ಟು ವರ್ಷ ಎದುರಿಗೇ ಕೂತು ಅವಳು ಇದನ್ನು ಕೇಳಿಕೊಂಡೇ ಇರಲಿಲ್ಲ.

ಅವಳಿಗೂ ಯಜಮಾನರಿಗೂ ಒಂದು ಹೆಣ್ಣುಮಗು ಹುಟ್ಟಿತ್ತು. ನಡೆಯುವುದಕ್ಕೆ ಕಲಿಯುವ ಮೊದಲೇ ಜ್ವರ ಬಂದು ಹೋಯಿತು. ಆ ದಿನಗಳಲ್ಲಿ ಯಜಮಾನರು ಅವಳ ಮನಸ್ಸು ಬೇರೆ ಕಡೆ ಹೋಗಲಿ ಅಂತ ಏನೋ ಓದಲು ಕೂತಾಗ ಅವಳು ಹೇಳಿದ್ದಳು: "ಸಾಯೋದು, ಬಿಟ್ಟುಹೋಗೋದು ಇದ್ರೆ ನನಗೆ ಓದಬೇಡಿ." ಅವರು ಆಗಲಿ ಅಂದಿದ್ದರು. ಅವಳು ಹೇಳಿದ್ದನ್ನು ಆ ವಾರವೇ ಮರೆತಿದ್ದಳು. ಅವರು ಮರೆತಿರಲಿಲ್ಲ.

ಬಂದವರಿಗೆಲ್ಲ ಪುಸ್ತಕದಲ್ಲಿ ಇದ್ದದ್ದನ್ನು ನೋಡಿ ಕೊಟ್ಟರು. ಅವಳೊಬ್ಬಳಿಗೆ ಇಲ್ಲದ್ದನ್ನು ಕೊಟ್ಟರು. ಅವಳು ಅದನ್ನೇ ಊರಿಗೆ ಹಂಚಿದಳು.

ಮೇಜಿನ ತುದಿಯಲ್ಲಿ, ಹೊಲಿಗೆ ಬೀಳದ ಒಂದು ಪುಸ್ತಕ ಇತ್ತು. ನಡುವಿನಿಂದ ದಾರದ ತುಂಡು ಇಣುಕುತ್ತಿತ್ತು. ಗುಮಾಸ್ತರು ಅದಕ್ಕೆ ಕೈ ಹಾಕಿದರು.

"ಇದನ್ನೂ ನೋಡ್ಲಾ? ಹೊಸದು ಕಾಣುತ್ತೆ."

ಅವಳು ಕಿತ್ತುಕೊಂಡಳು. "ಅದು ಬೇಡ."

"ಒಳ್ಳೇದೇ ಇರಬಹುದಮ್ಮ."

"ಇರ್ಲಿ. ಬೇಡ."

ಬಸ್ ಹತ್ತಿದವನು ವಾಪಸ್ ಬಂದನೋ ಇಲ್ಲವೋ ಆ ಪುಸ್ತಕದಲ್ಲಿ ಅಚ್ಚಾಗಿದೆ. ಅವಳಿಗೆ ಬೇಕಾದದ್ದು ಅಚ್ಚಾದದ್ದಲ್ಲ. ನಾಳೆ ಅಂದಿದ್ದರಲ್ಲ, ಕನ್ನಡಕ ತೆಗೆದು ಹೇಳಬೇಕಾಗಿದ್ದದ್ದು, ಅದು. ಅದು ಯಾವ ಪುಟದಲ್ಲೂ ಇಲ್ಲ. ಹೇಳುವ ಬಾಯಿಯೊಂದಿಗೆ ಹೋಯಿತು.

ಟೈಲರ್ ಹುಡುಗಿಯ ಕಥೆ ಬೀದಿಯಲ್ಲಿ ಹರಡಿತು. ಜನ ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಬೈದು ಹೋಗಿದ್ದರೆ ಚೆನ್ನಾಗಿತ್ತು, ಯಾರೂ ಬೈಯಲಿಲ್ಲ. ಹಾದುಹೋಗುವಾಗ ರಸ್ತೆಯ ಆ ಪಕ್ಕಕ್ಕೆ ದಾಟಿದರು. ಯಾರಾದರೂ ಮರೆತು ಬಂದು, "ಏನು ಕೊಡ್ತೀರಾ?" ಅಂದರೆ ಅವಳು ಗೋಡೆ ತೋರಿಸಿ, "ನೀವೇ ನೋಡ್ಕೊಳ್ಳಿ" ಅನ್ನುವಳು. ಅವರು ಸ್ವಲ್ಪ ಹೊತ್ತು ನಿಂತು, ಒಂದೆರಡು ಪುಸ್ತಕ ತಿರುವಿಹಾಕಿ, ಹಾಗೇ ಹೋಗುವರು. ಗುಮಾಸ್ತರು ಮಾತ್ರ ಕೆಲವು ತಿಂಗಳು ಬಂದರು. ಆಮೇಲೆ ಅವರ ಮಗಳು ಬಂದು, ಅಪ್ಪನಿಗೆ ಈಗ ಅಕ್ಷರ ಕಾಣಿಸುತ್ತಿಲ್ಲ ಅಂತ ಹೇಳಿ ಕೊನೆಯ ಪುಸ್ತಕ ಕೊಟ್ಟು ಹೋದಳು. ಪುಟದ ಮೂಲೆ ಮಡಚಿತ್ತು.

ನಾದಿನಿ ಈಗಲೂ ಆಗಾಗ ಬರುತ್ತಾಳೆ.

"ಅತ್ತಿಗೆ, ಹೊಸ ಪುಸ್ತಕ ತರಿಸೋದು ನಿಲ್ಲಿಸಿ ಎಷ್ಟು ಕಾಲ ಆಯ್ತು. ಹೊಲಿಯೋಕೆ ಏನೂ ಇಲ್ಲ. ಈ ಅಂಟು ಯಾರಿಗೆ?"

"ಒಂದು ಇದೆ."

"ಅದನ್ನ ಹೊಲಿದು ಮುಗಿಸಬಾರದಾ?"

"ಓದಿ ಮುಗಿದಿಲ್ಲ."

ನಾದಿನಿ ಟೀ ಮಾಡಲು ಒಳಗೆ ಹೋಗುತ್ತಾಳೆ.

ಬೆಳಗಾದರೆ ಅವಳು ನಿನ್ನೆಯ ಅಂಟನ್ನು ಮೋರಿಗೆ ಸುರಿಯುತ್ತಾಳೆ. ಪಾತ್ರೆಯ ತಳ ಉಜ್ಜುತ್ತಾಳೆ. ಒಂದು ಹಿಡಿ ಮೈದಾ, ನೀರು, ಸಣ್ಣ ಉರಿ. ಗಂಟು ಕಟ್ಟದ ಹಾಗೆ ಕೈಯಾಡಿಸುತ್ತಾಳೆ, ಅಂಗಡಿ ಬಾಗಿಲ ಕಡೆ ಕಿವಿ ಇಟ್ಟುಕೊಂಡು. ಅಂಟು ಹದಕ್ಕೆ ಬಂದ ಮೇಲೆ ಇಳಿಸಿ, ಮೇಜಿನ ಮೇಲೆ ಆ ಪುಸ್ತಕದ ಪಕ್ಕದಲ್ಲಿ ತಂದಿಡುತ್ತಾಳೆ. ಆಮೇಲೆ ಹೋಗಿ ಬಾಗಿಲು ಎತ್ತುತ್ತಾಳೆ.